ನಾನು ಕಟ್ಟಿದ ಪೊಟ್ಟಣಗಳು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಹಾಗಾಗಿ ಇದನ್ನು ಬರೆಯಲು ಬಹಳ ದಿನ ಹಿಡಿದಿದೆ. ಅಕ್ಷರಕ್ಕಿಂತ ಹೆಚ್ಚು ತಡ ಮಾಡಿದ್ದು ಮನಸ್ಸು.

ಶಿಕಾರಿಪುರದ ನಮ್ಮ ಮನೆಯ ಹಿತ್ತಲಲ್ಲಿ ಎರಡು ಗಾಣಗಳಿದ್ದವು. ಒಂದು ಕಲ್ಲಿನದು, ಅಜ್ಜನ ಕಾಲದ್ದು. ಇನ್ನೊಂದು ಮರದ್ದು, ಅಪ್ಪ ಮಾಡಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಕಲ್ಲಿನ ಗಾಣಕ್ಕೆ ಅಣ್ಣ ನಿಂತ, ಮರದ್ದಕ್ಕೆ ನಾನು ನಿಂತೆ. ಎಳ್ಳು, ಹುಚ್ಚೆಳ್ಳು, ಕುಸುಬೆ, ಯಾರು ಏನು ತಂದರೂ ಹಿಂಡಿ ಎಣ್ಣೆ ತೆಗೆದುಕೊಡುತ್ತಿದ್ದೆವು. ಅಣ್ಣ ಎಳ್ಳನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿ, ಎಷ್ಟು ನೀರು ಚಿಮುಕಿಸಬೇಕು ಎಂದು ಹೇಳುತ್ತಿದ್ದ. ನನಗೆ ಆ ಕೈ ಬರಲಿಲ್ಲ. ನಾನು ಎತ್ತು ಹೊಡೆಯುವುದರಲ್ಲೇ ಉಳಿದೆ.

ಸಾವಿರದ ಒಂಬೈನೂರ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೇಟೆಯಲ್ಲಿ ಕರೆಂಟಿನ ಎಣ್ಣೆ ಮಿಲ್ಲು ಶುರುವಾಯಿತು. ಅದರ ಹಿಂದೆಯೇ ದಾವಣಗೆರೆಯಿಂದ ಲಾರಿಯಲ್ಲಿ ಶೇಂಗಾ ಎಣ್ಣೆಯ ಡಬ್ಬಗಳು ಬರತೊಡಗಿದವು. ಆ ವರ್ಷ ಭತ್ತದ ದರವೂ ಬಿದ್ದಿತ್ತು. ಕೈಯಲ್ಲಿ ಕಾಸಿಲ್ಲದ ಜನ ಅಗ್ಗದ್ದನ್ನೇ ನೋಡಿದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಮೊದಲು ದೂರದ ಹಳ್ಳಿಯವರು ಬರುವುದು ನಿಂತಿತು, ಆಮೇಲೆ ನಮ್ಮ ಓಣಿಯವರೇ ಡಬ್ಬದ ಎಣ್ಣೆ ಹಿಡಿದು ನಮ್ಮ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಎತ್ತುಗಳು ಕಟ್ಟಿದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಓಣಿಯ ಎರಡು ಮನೆಯವರು ಶರಾವತಿ ಕಡೆ ಅಣೆಕಟ್ಟಿನ ಕೆಲಸಕ್ಕೆ ಹೊರಟುಹೋದರು. ಅವರು ಬಾಗಿಲಿಗೆ ಬೀಗ ಹಾಕುವುದನ್ನು ಅಣ್ಣ ಜಗುಲಿಯ ಮೇಲೆ ನಿಂತು ನೋಡಿದ.

ಒಂದು ಗಾಣಕ್ಕೆ ಸಾಲುವಷ್ಟು ಕೆಲಸ ಉಳಿದಿತ್ತು. ಉಣ್ಣುವ ಸಂಸಾರ ಎರಡು. ಆಗ ಅತ್ತಿಗೆಯ ಸೋದರಮಾವ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಹೇಳಿಕಳಿಸಿದರು. ಆ ಕಡೆ ಇನ್ನೂ ಮಿಲ್ಲು ಬಂದಿಲ್ಲ, ಗಾಣ ಹೂಡುವುದಕ್ಕೆ ನಮ್ಮ ಕೊಟ್ಟಿಗೆ ಬಿಟ್ಟುಕೊಡುತ್ತೇವೆ, ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ ಅಂತ. ಹೋಗುವವರು ಮರದ ಗಾಣ ಒಯ್ಯಬೇಕು. ನೆಲದಲ್ಲಿ ಹೂತ ಅಜ್ಜನ ಕಲ್ಲನ್ನು ಕೀಳಬಾರದೆಂದು ಅವ್ವ ಮೊದಲೇ ಹೇಳಿದ್ದಳು.

ಹೋಗುವವರು ಯಾರು ಎಂಬುದಷ್ಟೇ ಉಳಿಯಿತು. ಒಂದು ವಾರ ಕಳೆದ ಮೇಲೆ ಉಣ್ಣುತ್ತಾ ಕೂತಾಗ ಅಣ್ಣನೇ ಹೇಳಿದ:

“ನಾನು ಹೇಳಿದ್ರೆ ಅಣ್ಣ ಅನ್ನೋ ದರ್ಪ ಆಕ್ಕತಿ. ನೀನು ಹೇಳಿದ್ರೆ ಹೆಂಡ್ತಿ ಹೇಳ್ಕೊಟ್ಟಾಳ ಅಂತಾರ. ದೇವ್ರನ್ನ ಕೇಳಾನ ತಮ್ಮಾ. ಪೊಟ್ಣ ನೀನೇ ಕಟ್ಟು.”

ನಮ್ಮ ಮನೆತನದಲ್ಲಿ ದೊಡ್ಡ ಕೆಲಸಕ್ಕೆಲ್ಲ ಹೂವಿನ ಅಪ್ಪಣೆ ಕೇಳುವುದು ರೂಢಿ. ಒಂದು ಕೆಂಪು ಕಣಗಿಲೆ, ಒಂದು ಬಿಳಿ ಕಣಗಿಲೆ. ಬೇರೆ ಬೇರೆ ಮುತ್ತುಗದ ಎಲೆಯಲ್ಲಿ ಇಟ್ಟು, ಬಾಳೆಯ ನಾರಿನಿಂದ ಕಟ್ಟಿ, ವೀರಭದ್ರ ದೇವರ ಮುಂದೆ ಇಡುವುದು. ಕಟ್ಟುವುದನ್ನು ಬೇರೆ ಯಾರೂ ನೋಡಬಾರದು. ಮನೆಯ ಇನ್ನೊಬ್ಬರು ಬಂದು ಒಂದು ಪೊಟ್ಟಣ ಎತ್ತಬೇಕು. ಎತ್ತದೆ ಉಳಿದ ಪೊಟ್ಟಣವನ್ನು ಬಿಚ್ಚದೆ ನೀರಿಗೆ ಬಿಡಬೇಕು. ಬಿಚ್ಚಿ ನೋಡಿದರೆ ದೇವರನ್ನು ಅನುಮಾನಿಸಿದಂತೆ.

ಕೆಂಪು ಬಂದರೆ ಅಣ್ಣ ಹೋಗುವುದು, ಬಿಳಿ ಬಂದರೆ ನಾನು ಎಂದು ಮಾತಾಯಿತು.

ಮರುದಿನ ಗುಡಿಯ ಹಿಂದಿನ ಗಿಡದಲ್ಲಿ ಹೂ ಕೊಯ್ಯಲು ಹೋದೆ. ಮೊದಲು ಕೆಂಪು ಕೊಯ್ದೆ. ಬಿಳಿ ಹೂವಿನ ಗಿಡ ನಾಲ್ಕು ಹೆಜ್ಜೆ ಆಚೆ ಇತ್ತು. ನಾನು ಆ ನಾಲ್ಕು ಹೆಜ್ಜೆ ಹೋಗಲಿಲ್ಲ. ನಿಂತಲ್ಲೇ ಇನ್ನೊಂದು ಕೆಂಪು ಹೂ ಕೊಯ್ದೆ.

ನನ್ನ ಹೆಂಡತಿ ಆಗ ಆರು ತಿಂಗಳ ಬಸುರಿ. ಅವಳಿಗಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಣ್ಣ ಕೆಲಸಗಾರ, ಎಲ್ಲಿ ಹೋದರೂ ಬದುಕುತ್ತಾನೆ ಎಂದೂ ಹೇಳಿಕೊಂಡೆ. ನಿಜವೆಂದರೆ, ಗೊತ್ತಿಲ್ಲದ ಊರಲ್ಲಿ ಗಾಣ ಹೂಡಿ ಗಿರಾಕಿಗಳಿಗೆ ಕಾಯುವ ಧೈರ್ಯ ನನಗಿರಲಿಲ್ಲ. ಎಣ್ಣೆ ಕೆಟ್ಟರೆ ಕೇಳುವುದಕ್ಕೆ ಅಲ್ಲಿ ಅಣ್ಣ ಇರುತ್ತಿರಲಿಲ್ಲ.

ಪೊಟ್ಟಣ ಎತ್ತಿದ್ದು ಅವ್ವ. ಅವಳಿಗೆ ಕಣ್ಣು ಮಂಜಾಗಿತ್ತು. ತಡವಿ ಒಂದನ್ನು ಎತ್ತಿ ಅಣ್ಣನ ಕೈಗೇ ಕೊಟ್ಟಳು. ಅವನು ಬಿಚ್ಚಿದ. ಹೂವನ್ನು ಕಣ್ಣಿಗೆ ಒತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡ. ಅವ್ವ ಯಾವ ಬಣ್ಣ ಎಂದು ಕೇಳಿದಾಗ, “ನಂದೇ ಬೇ” ಎಂದ. ನಾನು ಉಳಿದ ಪೊಟ್ಟಣವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೆರೆಯವರೆಗೆ ಹೆಚ್ಚುಕಡಿಮೆ ಓಡಿದೆ.

ಗಾಡಿಗೆ ಮರದ ಗಾಣ ಏರಿಸುವಾಗ ಅಣ್ಣ ಕಲ್ಲಿನ ಗಾಣದ ಒಳಗೆ ಕೈಯಾಡಿಸಿ, ಮಳೆಗಾಲದಲ್ಲಿ ಎಲ್ಲಿ ನೀರು ಒಸರುತ್ತದೆ, ಯಾವ ಎತ್ತನ್ನು ಮಧ್ಯಾಹ್ನದ ಮೇಲೆ ಹೂಡಬಾರದು ಎಂದೆಲ್ಲ ಹೇಳಿಕೊಟ್ಟ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು. ನಾನು ಊರಾಚೆಯವರೆಗೆ ಹೋಗಿ ವಾಪಸ್ಸು ಬಂದೆ.

ಒಂದು ವರ್ಷ ತುಂಬುವುದರೊಳಗೆ ನನ್ನ ಗಾಣವೂ ನಿಂತಿತು. ಎತ್ತು ಮಾರಿ, ಯಾವ ಮಿಲ್ಲು ನಮ್ಮನ್ನು ಕೆಲಸವಿಲ್ಲದೆ ಕೂರಿಸಿತ್ತೋ ಅದರ ಬಾಗಿಲಿಗೇ ಹೋಗಿ ನಿಂತೆ. ಕೆಲಸ ಸಿಕ್ಕಿತು. ಕಾಳು ಸುರಿಯುವುದು, ಹಿಂಡಿ ಹೊರುವುದು. ವಾರವಾರ ಸಂಬಳ ಬರುತ್ತಿತ್ತು. ಮನೆಯಲ್ಲಿ ಮಗು ಅಳುವ ಸದ್ದಿತ್ತು. ನಾನು ಬದುಕಿಕೊಂಡೆ.

ಕುಪ್ಪಗಡ್ಡೆಯಲ್ಲಿ ಅಣ್ಣನ ಗಾಣ ಮೊದಲ ಸುಗ್ಗಿ ಚೆನ್ನಾಗಿ ಓಡಿತಂತೆ. ಆಮೇಲೆ ಸೊರಬದ ಸಂತೆಗೂ ಅದೇ ಡಬ್ಬದ ಎಣ್ಣೆ ಬಂತು. ಅಡಿಕೆಯ ದರ ಇಳಿದು ಅಲ್ಲಿಯ ಜನವೂ ಕೈ ಬಿಗಿ ಮಾಡಿದರು. ದೇವರ ದೀಪಕ್ಕೆ ಎಳ್ಳೆಣ್ಣೆ ಬೇಕೆನ್ನುವ ನಾಲ್ಕು ಮನೆಯವರು ಮಾತ್ರ ಉಳಿದರು. ಇದನ್ನೆಲ್ಲ ಅವನು ಬರೆದು ತಿಳಿಸಲಿಲ್ಲ. ಆ ಕಡೆಯಿಂದ ಬಂದವರು ಹೇಳಿದರು.

ಅಷ್ಟರಲ್ಲಿ ಮಿಲ್ಲಿನ ಮಾಲೀಕರು ಎಳ್ಳಿನ ಹದ ತಿಳಿದವನೊಬ್ಬ ಬೇಕು ಎಂದರು. ನಾನು ಅಣ್ಣನ ವಿಷಯ ಹೇಳಿದೆ. ಎಂಟು ದಿನದಲ್ಲಿ ಕರೆದುಕೊಂಡು ಬಾ, ಆಮೇಲೆ ಕಾಯುವುದಿಲ್ಲ ಎಂದರು. ಅವತ್ತು ನನಗೆ ಆದ ಹಗುರ ಹೇಳತೀರದು. ಮಾಡಿದ್ದನ್ನು ಬಾಯಿಬಿಟ್ಟು ಹೇಳದೆಯೇ ಸರಿಮಾಡುವ ದಾರಿ ಸಿಕ್ಕಿತು ಎಂದುಕೊಂಡೆ.

ಸೊರಬದಲ್ಲಿ ಬಸ್ಸಿಳಿದು ಅವನ ಮನೆ ಮುಟ್ಟಿದಾಗ ಊಟದ ಹೊತ್ತು. ಗಾಣಕ್ಕೆ ಗೋಣಿ ಹೊದಿಸಿತ್ತು. ಎತ್ತು ಇರಲಿಲ್ಲ. ಅಣ್ಣ ಯಾರದೋ ತೋಟದಲ್ಲಿ ಕೂಲಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದ. ನಾನು ವಿಷಯ ಹೇಳಿದೆ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖದಲ್ಲಿ ಆಗಲೇ ಊರು ಕಾಣುತ್ತಿತ್ತು.

ಅಣ್ಣ ತಲೆಯಾಡಿಸಿದ.

“ನಾನಾಗೇ ಬಂದಿದ್ರೆ ನಾನಾಗೇ ಎದ್ದು ಬರ್ತಿದ್ದೆ. ದೇವ್ರು ಕಳ್ಸಿದ ಜಾಗ ಇದು. ಕೇಳ್ದೆ ಹೆಂಗ್ ಬಿಡ್ಲಿ?”

“ಎರಡು ವರ್ಷದಿಂದ ನಿಮ್ ದೇವ್ರು ಗಾಣ ನೋಡಾಕ ಬಂದಾನೇನ್ರಿ?” ಎಂದಳು ಅತ್ತಿಗೆ.

ಅಣ್ಣ ನಕ್ಕ. “ಕೇಳಾನ ತಗ. ತಮ್ಮ ಬಂದಾನ, ಅವ್ನೇ ಕಟ್ಲಿ. ಅವ್ನ ಕೈ ಚಲೋ ಐತಿ.”

ಅಲ್ಲಿಯೇ ಹೇಳಿಬಿಡಬಹುದಿತ್ತು. ಅಣ್ಣಾ, ಅದು ದೇವರ ಮಾತಲ್ಲ, ನನ್ನದು ಎಂದರೆ ಸಾಕಿತ್ತು. ಹೊಡೆಯುತ್ತಿದ್ದ, ಬೈಯುತ್ತಿದ್ದ, ಆಮೇಲೆ ಗಂಟು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತುತ್ತಿದ್ದ. ಆದರೆ ಕೆಂಪು ಬಂದರೆ ವಾಪಸ್ಸು, ಬಿಳಿ ಬಂದರೆ ಇಲ್ಲೇ ಎಂದು ಅವನು ಹೇಳಿದ್ದಕ್ಕೆ ಹೂಂ ಎಂದೆ.

ಆ ಊರ ಗುಡಿಯ ಮಗ್ಗುಲಲ್ಲೂ ಕಣಗಿಲೆ ಇತ್ತು. ಮೊದಲು ಎರಡು ಕೆಂಪು ಹೂವನ್ನೇ ಕೊಯ್ದೆ. ಎರಡನ್ನೂ ಎಲೆಯ ಮೇಲೆ ಇಟ್ಟೆ ಕೂಡ. ನಾರು ಸುತ್ತಲು ಹೋಗಿ ನಿಲ್ಲಿಸಿದೆ. ಮನೆಯಲ್ಲಿ ಮಗುವಿಗೆ ಹದಿನೈದು ದಿನದಿಂದ ಜ್ವರ. ದೇವರಿಗೆ ಮತ್ತೆ ಮೋಸ ಮಾಡಿದರೆ ಅದಕ್ಕೆ ತಟ್ಟುತ್ತದೆ ಎಂದು ಹೆದರಿದೆ. ಒಂದು ಕೆಂಪು ಹೂವನ್ನು ಬಿಸಾಡಿ, ಬಿಳಿ ಹೂವಿನ ಗಿಡ ಹುಡುಕಿಕೊಂಡು ಹೋದೆ.

ಈ ಸಲ ಎತ್ತಿದ್ದು ಅತ್ತಿಗೆ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಬಹಳ ಹೊತ್ತು ಕೈ ಚಾಚಿಕೊಂಡೇ ಇದ್ದಳು. ಬಿಚ್ಚಿದರೆ ಬಿಳಿ.

ಇನ್ನೊಮ್ಮೆ ಎತ್ತಬಹುದೇ ಎಂದು ಅವಳು ನನ್ನನ್ನು ಕೇಳಿದಳು, ಗಂಡನನ್ನಲ್ಲ. ನಾನು ಉಳಿದ ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡೆ.

“ಎರಡು ಸಲಾನೂ ಒಂದೇ ಮಾತು ಹೇಳ್ತು ನೋಡು” ಎಂದ ಅಣ್ಣ. ಅವನ ದನಿಯಲ್ಲಿ ಬೇಸರವಿರಲಿಲ್ಲ. ಒಂದು ಥರದ ನೆಮ್ಮದಿಯೇ ಇತ್ತು. ಇನ್ನು ಯೋಚನೆ ಮಾಡುವುದು ಬೇಡವಾಯಿತಲ್ಲ ಎಂಬ ಹಾಗೆ.

ಮಿಲ್ಲಿನಲ್ಲಿ ಆ ಕೆಲಸಕ್ಕೆ ಬೇರೆಯವನು ಬಂದ. ಅಣ್ಣ ಕೊನೆಯವರೆಗೂ ಕುಪ್ಪಗಡ್ಡೆಯಲ್ಲೇ ಇದ್ದ, ಬೇರೆಯವರ ಗದ್ದೆ ತೋಟಗಳಲ್ಲಿ ದುಡಿದ. ಮರದ ಗಾಣವನ್ನು ಒಂದು ಮಳೆಗಾಲದಲ್ಲಿ ಅತ್ತಿಗೆ ಸೀಳಿಸಿ ಒಲೆಗೆ ಹಾಕಿದಳು. ಅಷ್ಟು ವರ್ಷ ಎಣ್ಣೆ ಕುಡಿದ ಮರ, ಬಹಳ ದಿನ ಉರಿಯಿತು ಎಂದು ಅಣ್ಣ ನಗುತ್ತಲೇ ಹೇಳಿದ್ದ. ಅವನು ಇರುವವರೆಗೆ ನಾನು ಹೇಳಲಿಲ್ಲ. ಈಗ ಅತ್ತಿಗೆಯೂ ಇಲ್ಲ.

ಬಿಳಿ ಬಂದ ಆ ದಿನ ಕುಪ್ಪಗಡ್ಡೆಯಿಂದ ವಾಪಸ್ಸು ಬರುವಾಗ ಎತ್ತದೆ ಉಳಿದ ಪೊಟ್ಟಣ ನನ್ನ ಜೇಬಿನಲ್ಲಿತ್ತು. ದಾರಿಯ ಹಳ್ಳದ ದಂಡೆಯಲ್ಲಿ ಕೂತು, ಮಾಡಬಾರದು ಎಂದು ಗೊತ್ತಿದ್ದೂ ಬಿಚ್ಚಿ ನೋಡಿದೆ. ಕೆಂಪು ಹೂವೇ ಇತ್ತು. ಆ ಸಲ ನಾನು ಸರಿಯಾಗಿಯೇ ಕಟ್ಟಿದ್ದೆ.