ದುರ್ಗದಲ್ಲಿ ಬಾರದ ಸದ್ದು

ಹೋದ ತಿಂಗಳು ಹಿರಿಯೂರಿನ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ಬಾನೆಟ್ಟು ಎತ್ತಿದಾಗ, ಸುಟ್ಟ ರಬ್ಬರಿನ ಜೊತೆ ಕರಕಲಾದ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾರು ಅಂದರೆ ಹತ್ತಾರು ಕೈ ದಾಟಿ ನನ್ನ ಕೈಗೆ ಬಂದದ್ದು. ಮದುವೆ ರಿಸೆಪ್ಷನ್ನುಗಳಲ್ಲಿ ಮಿಮಿಕ್ರಿ ಮಾಡಿಕೊಂಡು ಓಡಾಡುವವನಿಗೆ, ಅದರಲ್ಲೂ ನನ್ನಂಥ ಮುಖದವನಿಗೆ, ಅಷ್ಟು ಸಾಕು. ಎಸಿ ಹಾಕಿದರೂ ಹಾಕದಿದ್ದರೂ ಬಾನೆಟ್ಟಿನೊಳಗಿಂದ ಒಂದು ನರಳಾಟ ಬರುತ್ತಿತ್ತು. ಮೆಕ್ಯಾನಿಕ್ಕು ಬೆಲ್ಟು ಬಿಚ್ಚಿ, ಎಸಿ ಕಂಪ್ರೆಸರಿನ ಪುಲ್ಲಿ ಚಕ್ರ ಕಳಚಿ, ಅದರ ಹೊಟ್ಟೆಯೊಳಗೆ ಸವೆದುಹೋಗಿದ್ದ ಬೇರಿಂಗನ್ನು ತೆಗೆದು ನನ್ನ ಅಂಗೈಗೆ ಹಾಕಿದ. ಬೆರಳಿನಲ್ಲಿ ತಿರುಗಿಸಿದೆ. ಅನ್ನದಲ್ಲಿ ಮರಳು ಸಿಕ್ಕ ಹಾಗೆ ಗರಗರ ಅಂತು.

"ಇಷ್ಟು ದಿನ ಈ ಸದ್ದು ಕೇಳಿಸ್ಲಿಲ್ವೇನ್ರಿ ನಿಮ್ಗೆ" ಅಂದ.

ಕೇಳಿಸದೆ ಏನು. ಅಂಥದೇ ಒಂದು ಸದ್ದನ್ನು ನಾನು ಬಾಯಲ್ಲಿ ಇಟ್ಟುಕೊಂಡು ಊರೆಲ್ಲ ಹಂಚಿದವನು. ಅದು ಯಾರ ಗಾಡಿಯದಾಗಿತ್ತೋ ಅವರು ಈಗ ಇಲ್ಲ…

ನಾನು ಹೊಸದುರ್ಗದಲ್ಲಿ ಪಿಯುಸಿ ಓದುತ್ತಿದ್ದ ಕಾಲ. ಓದುತ್ತಿದ್ದೆ ಅನ್ನುವುದು ಅಮ್ಮನ ನಂಬಿಕೆ. ಆಗ ನಮ್ಮೂರಿಗೆ ಹೆಂಗಸರಿಗಾಗಿಯೇ ಒಂದು ಡ್ರೈವಿಂಗ್ ಕ್ಲಾಸು ಬಂತು. ನಡೆಸುತ್ತಿದ್ದವರೂ ಹೆಂಗಸೇ. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು, ನಾನೂ ಅಷ್ಟೇ ಅನ್ನುತ್ತೇನೆ. ಎತ್ತರದ ಆಳು. ಕಾಟನ್ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ದವಡೆಯಲ್ಲಿ ಸದಾ ಒಂದು ಲವಂಗ. ಭರಮಸಾಗರದ ಕಡೆಯ ಕುರಿ ಸಾಕುವ ಮನೆತನ ಅವರದು. ಅಣ್ಣನ ಟೆಂಪೋದಲ್ಲಿ ಕುರಿ ತುಂಬಿಕೊಂಡು ಸಂತೆ ಸಂತೆ ಓಡಾಡಿ ಸ್ಟೇರಿಂಗು ಪಳಗಿಸಿಕೊಂಡವರು. ಪಾಠವೂ ಹಾಗೇ ಇರುತ್ತಿತ್ತು.

"ಹಿಂದ್ಗಡೆ ಕುರಿ ನಿಂತವೆ ಅನ್ಕಂಡು ಬ್ರೇಕ್ ಹಾಕಮ್ಮ. ಒಂದೂ ಮುಗ್ಗರಿಸಬಾರ್ದು."

ಅಮ್ಮ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಬಸ್ಸು ತಪ್ಪಿದರೆ ಯಾರದೋ ಬೈಕಿನ ಹಿಂದೆ ಔಷಧಿ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು. ಒಂದು ಹಳೇ ಕಾರಾದರೂ ಸರಿ, ತನ್ನದೇ ಆಗಿ ಓಡಿಸಿಕೊಂಡು ಹೋಗಬೇಕು ಅನ್ನುವುದು ಅವಳ ಆಸೆ. ಮೇಡಂ ಕ್ಲಾಸಿಗೆ ಸೇರಿದ ಮೊದಲಿಗರಲ್ಲಿ ಅವಳೂ ಒಬ್ಬಳು. ಧೈರ್ಯಕ್ಕೆ ಇರಲಿ ಅಂತ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಧೈರ್ಯಕ್ಕೆ ನನ್ನನ್ನು ಕರೆದುಕೊಂಡು ಹೋದವರು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು.

ಕಾರು ಬಿಳಿಯದು, ಸಣ್ಣದು, ಹಳೆಯದು. ಎಡಗಡೆ ಮೇಡಂ ಕೂರುವ ಜಾಗದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಸ್ಟಾರ್ಟ್ ಮಾಡಿದ ಕೂಡಲೇ ಮುಂದಿನಿಂದ ಸದ್ದು ಶುರು. ಮೊದಲು ಸೊಳ್ಳೆಯ ಹಾಗೆ ಸಣ್ಣಗೆ ಕುಂಯ್ಯ್ ಅನ್ನುವುದು, ಆಮೇಲೆ ಕೆಳಗಿಳಿದು ಗರಗರಗರ. ಎಸಿ ಪುಲ್ಲಿಯ ಬೇರಿಂಗು ಹೋಗಿದೆ, ಹಾಕಿಸಬೇಕು ಅನ್ನುತ್ತಲೇ ಮೇಡಂ ದಿನ ತಳ್ಳುತ್ತಿದ್ದರು.

ಅಮ್ಮ ಗಾಡಿ ಆಫ್ ಮಾಡಿಕೊಂಡು ಸುಮ್ಮನೆ ಕೂತ ಒಂದು ಹೊತ್ತಿನಲ್ಲಿ ನಾನು ಹಿಂದಿನಿಂದ ಮೇಡಂ ದನಿ ತೆಗೆದೆ. ಲವಂಗ ಕಚ್ಚಿಕೊಂಡ ದವಡೆ, ಭರಮಸಾಗರದ ರಾಗ, ಕುರಿಗಳು, ಎಲ್ಲ ಸೇರಿಸಿ. ಮೇಡಂ ತಿರುಗಿ ನೋಡಿದರು. ಅಮ್ಮನ ಮುಖ ಬಿಳಿಚಿಕೊಂಡಿತು. ನಿಲ್ಲಿಸುವ ಬುದ್ಧಿ ನನಗೆಲ್ಲಿ, ಅದರ ಬೆನ್ನಿಗೇ ಗಾಡಿಯ ಸದ್ದನ್ನೂ ಮಾಡಿದೆ. ಕುಂಯ್ಯ್… ಗರಗರಗರ.

ಮೇಡಂ ನಕ್ಕರು. ಲವಂಗ ಉಗುಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಲೇ, ನನ್ ಗಾಡಿ ಕೀಲಿ ಇಲ್ದೇನೆ ಸ್ಟಾರ್ಟ್ ಆತಲ್ಲೋ. ಎಲ್ಲಿಟ್ಕಂಡಿದೀಯೋ ಇಂಜಿನ್ನು, ಹೊಟ್ಟೇಲಾ?"

ಅವರು ಅಲ್ಲೇ ಗದರಿಸಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಇದು ಕೂಡ ತಪ್ಪನ್ನು ಅವರ ಮೇಲೆ ಹಾಕುವ ಒಂದು ಜಾಣತನವೇ.

ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿ ಆಗ ನನ್ನ ರಂಗಮಂದಿರ. ನಮ್ಮ ಪ್ರಿನ್ಸಿಪಾಲರು, ಕಂಡಕ್ಟರು, ಟೀ ಅಂಗಡಿಯವರ ಕೆಮ್ಮು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವ ನಾನು, ಎಲ್ಲ ಮುಗಿದ ಮೇಲೆ ಮೇಡಂ ಗಾಡಿ. ಹುಡುಗರು ಬೆಂಚಿನಿಂದ ಬಿದ್ದು ನಕ್ಕರು. ನಮಗೂ ಹೇಳಿಕೊಡೋ ಅಂದರು. ಹೇಳಿಕೊಟ್ಟೆ. ಶುರುವಿಗೆ ಮೂಗಿನಿಂದ ತೆಗೀಬೇಕು, ಆಮೇಲೆ ಗಂಟಲಿಗೆ ಇಳಿಸಬೇಕು, ಕೊನೆಗೆ ನಾಲಿಗೆ ಸಡಿಲ ಬಿಡಬೇಕು… ಮೇಡಂ ಕ್ಲಾಸಿಗಿಂತ ನನ್ನ ಕ್ಲಾಸು ಬೇಗ ತುಂಬಿತು. ನನ್ನ ಹತ್ತಿರ ಕಲಿತವರು ಯಾರೂ ಫೇಲಾಗಲಿಲ್ಲ.

ಆಮೇಲೆ ಅದು ನನ್ನ ಕೈಲಿ ಉಳಿಯಲಿಲ್ಲ. ಸರ್ಕಲ್ಲಿನಲ್ಲಿ ಬಿಳಿ ಕಾರು ಕಂಡರೆ ಸಾಕು, ಟೀ ಅಂಗಡಿಯಿಂದ ಒಂದು ಕುಂಯ್ಯ್, ಆಟೋ ಸ್ಟ್ಯಾಂಡಿನಿಂದ ಇನ್ನೊಂದು, ಬಸ್ಸಿನ ಕಿಟಕಿಯಿಂದ ಗರಗರಗರ. ಕಲಿಯುತ್ತಿದ್ದವರಿಗೆ ಕಾಲು ಕ್ಲಚ್ಚಿನ ಮೇಲೆ ನಿಲ್ಲುತ್ತಿರಲಿಲ್ಲ. ಗಾಡಿ ಆಫ್ ಆಗುವುದು, ಹಿಂದೆ ಹಾರ್ನು, ಮತ್ತೆ ಸದ್ದು, ನಗು. ಮಾರ್ಕೆಟ್ಟಿಗೆ ನಡೆದು ಹೋಗುವಾಗಲೂ ಮೇಡಂ ಬೆನ್ನಿಗೆ ಅದೇ ಸದ್ದು. ಒಬ್ಬೊಬ್ಬರೇ ಕ್ಲಾಸು ಬಿಟ್ಟರು. ಒಂದು ಸಂಜೆ ಅಮ್ಮ ಮನೆಗೆ ಬಂದು, ಕಾರು ಕಲಿಯೋದಕ್ಕೆ ಅಂತಲೇ ತಂದಿದ್ದ ಬೂಟು ಕಳಚಿ ಮಂಚದ ಕೆಳಗೆ ದೂಡಿದಳು.

"ಸಾಕು ಕಣೋ. ಸರ್ಕಲ್ ಹತ್ರ ಎಲ್ಲ ಒಟ್ಟಿಗೆ ಕೂಗ್ತಾರೆ. ಕಾಲು ನಡುಗ್ತೈತೆ."

"ಯಾರಮ್ಮ ಕೂಗೋದು" ಅಂದೆ ನಾನು. ಹಾಗೆ ಕೇಳಿದ ನನ್ನ ದನಿಯನ್ನು ಇವತ್ತಿಗೂ ಮಿಮಿಕ್ರಿ ಮಾಡಬಲ್ಲೆ. ಮಾಡುವುದಿಲ್ಲ.

ಮೇಡಂ ಮಾತ್ರ ತಪ್ಪೆಲ್ಲ ತಮ್ಮ ಗಾಡಿಯದು ಅಂದುಕೊಂಡರು. ಇಷ್ಟು ಅರಚುವ ಗಾಡಿ ಇಟ್ಟುಕೊಂಡರೆ ಜನ ನಗದೆ ಇನ್ನೇನು, ಇದನ್ನು ಸರಿ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ. ಒಂದು ಭಾನುವಾರ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದರು. ಅಮ್ಮನ ಕಡೆ ನೋಡಿ, "ಗಾಡಿ ಸದ್ದು ನಿಲ್ಸಿ ಬರ್ತೀನಿ, ಆಮೇಲೆ ನೀವು ಬರ್ಬೇಕು" ಅಂದರು. ನನ್ನ ಕಡೆ ತಿರುಗಿದರು.

"ನಿನ್ ಕಿವಿ ಚೆನ್ನಾಗೈತೆ ಕಣಪ್ಪ. ಸದ್ದು ಪೂರ್ತಿ ಹೋತೋ ಇಲ್ಲೋ ನೀನೇ ಹೇಳ್ಬೇಕು. ನಡಿ, ದುರ್ಗಕ್ಕೆ ಹೋಗಾಣ."

 ಹೊಳಲ್ಕೆರೆ ದಾಟುವ ತನಕ ಅವರೇ ಮಾತಾಡುತ್ತಿದ್ದರು. ನನ್ನ ಅಮ್ಮನಿಗೆ ಗೇರು ಹಾಕುವ ಕೈ ಎಷ್ಟು ಹದವಾಗಿದೆ, ಇನ್ನೊಂದಿಷ್ಟು ದಿನ ಬಂದರೆ ಹಳ್ಳಿ ಹಳ್ಳಿ ಸುತ್ತುತ್ತಾರೆ ಅಂತೆಲ್ಲ…

ಚಿತ್ರದುರ್ಗದ ಗ್ಯಾರೇಜಿನವನು ಬಾಯಿಬಡುಕ. ಬೆಲ್ಟು ಸಡಿಲಿಸಿ ಪಕ್ಕಕ್ಕೆ ಹಾಕಿ, ಪುಲ್ಲಿಯನ್ನು ಬರೀ ಕೈಯಲ್ಲಿ ತಿರುಗಿಸಿದ. ಅದು ಗರಗರ ಅಂತು.

"ಏನ್ ಮೇಡಂ, ಇದ್ರಾಗೆ ರಾಗಿ ಬೀಸ್ತಿದ್ರಾ?"

"ಎಸಿ ಹಾಕೇ ಇಲ್ಲ ಕಣಪ್ಪ ನಾನು. ಹೆಂಗ್ ಸವೀತು?"

"ಎಸಿ ಹಾಕ್ರಿ ಬಿಡ್ರಿ, ಇಂಜಿನ್ ತಿರುಗಿದ್ರೆ ಬೆಲ್ಟು ತಿರುಗ್ತದೆ, ಬೆಲ್ಟು ತಿರುಗಿದ್ರೆ ಈ ಪುಲ್ಲೀನೂ ತಿರುಗ್ತದೆ. ಕುಂತ್ಕಳ್ರಿ ಅತ್ಲಾಗೆ."

ಕಂಪ್ರೆಸರನ್ನು ಗಾಡಿಯಿಂದ ಕೆಳಗಿಳಿಸಲಿಲ್ಲ, ಇಳಿಸಿದರೆ ಗ್ಯಾಸು ಹೋಗುತ್ತದಂತೆ. ಅದು ಇದ್ದ ಜಾಗದಲ್ಲೇ ಅದರ ಮುಖಕ್ಕಿದ್ದ ಕ್ಲಚ್ ಪ್ಲೇಟು ಬಿಚ್ಚಿ, ಪುಲ್ಲಿಯನ್ನು ಹಿಡಿದಿದ್ದ ಬಳೆಯಂಥ ಲಾಕು ತೆಗೆದು, ಪುಲ್ಲಿ ಎಳೆದ. ಹಳೇ ಬೇರಿಂಗು ಬಡಿದು ಹೊರಹಾಕಿ, ಹೊಸದನ್ನು ಒಂದಿಷ್ಟೂ ವಾಲದ ಹಾಗೆ ಕೂರಿಸಿದ. ಮತ್ತೆ ಪುಲ್ಲಿ ತಿರುಗಿಸಿದಾಗ ಉಸಿರು ಬಿಟ್ಟಷ್ಟೂ ಸದ್ದಿಲ್ಲ. ಬೆಲ್ಟು ಏರಿಸಿ ಸ್ಟಾರ್ಟ್ ಮಾಡಿದ. ಮೇಡಂ ನನ್ನ ಮುಖ ನೋಡಿದರು.

"ಹೋತೇನೋ?"

"ಹೋಯ್ತು ಮೇಡಂ."

ವಾಪಸ್ಸು ಬರುವಾಗ ಅವರು ಕಿಟಕಿಗಳನ್ನೆಲ್ಲ ಏರಿಸಿ ಎಸಿ ಹಾಕಿದರು. ಸೆರಗಿನ ತುದಿ ಗಾಳಿಗೆ ಹಾರುವುದನ್ನು ನೋಡಿ ನೋಡಿ ನಗುತ್ತಿದ್ದರು. ಹೊಸದುರ್ಗ ಬಂದಾಗ ಸಂಜೆ. ಅಡ್ಡರಸ್ತೆ ಹಿಡಿದು ಮನೆಗೆ ಹೋಗಬಹುದಿತ್ತು. ಬೇಕೆಂದೇ ಸರ್ಕಲ್ಲಿಗೆ ತಿರುಗಿಸಿದರು. ಕೇಳಿಸಿಕೊಳ್ಳಲಿ ಅಂತ ಕಿಟಕಿ ಇಳಿಸಿ, ಗಾಡಿಯನ್ನು ಮೆಲ್ಲಗೆ ಬಿಟ್ಟರು.

ಕುಂಯ್ಯ್… ಗರಗರಗರ.

ಟೀ ಅಂಗಡಿಯ ಒಳಗಿಂದ ಬಂತು. ಯಾರ ಬಾಯಿ ಅಂತ ನನಗೆ ಗೊತ್ತಾಯಿತು, ನನ್ನ ಹತ್ತಿರ ಕಲಿತವರಲ್ಲಿ ಅವನೇ ಜಾಣ. ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಮೇಡಂ ಬ್ರೇಕು ಹಾಕಿಬಿಟ್ಟರು. ಕುರಿಗಳಿದ್ದಿದ್ದರೆ ಎಲ್ಲವೂ ಬೀಳುತ್ತಿದ್ದವು.

"ಇನ್ನೂ ಬರ್ತಾ ಐತಲ್ಲಪ್ಪ" ಅಂದರು.

ಇಳಿದರು. ಸರ್ಕಲ್ಲಿನ ನಡುವೆ ಬಾನೆಟ್ಟು ಎತ್ತಿದರು. ಸೆರಗು ಬೆಲ್ಟಿಗೆ ಸಿಕ್ಕದ ಹಾಗೆ ಒಂದು ಕೈಯಲ್ಲಿ ಹಿಡಿದು, ಓಡುತ್ತಿದ್ದ ಇಂಜಿನ್ನಿನ ಹತ್ತಿರ ಬಗ್ಗಿ ಕಿವಿ ಕೊಟ್ಟರು. ಸುತ್ತಲಿಂದ ಈಗ ಸದ್ದು ಜೋರಾಯಿತು, ಒಂದಲ್ಲ, ಆ ಕಡೆ ಈ ಕಡೆ ಎಲ್ಲ ಕಡೆಯಿಂದ. ಅವರು ಬಾನೆಟ್ಟಿನ ಕೆಳಗಿಂದ ತಲೆ ಎತ್ತದೆ ಯಾವ ಪುಲ್ಲಿ, ಯಾವ ಪುಲ್ಲಿ ಅಂತ ಹುಡುಕುತ್ತಲೇ ಇದ್ದರು.

ನಾನು ಎಡಗಡೆ ಸೀಟಿನಲ್ಲಿ ಕೂತಿದ್ದೆ. ಅದು ಗಾಡಿಯಲ್ಲ ಮೇಡಂ, ಬಾಯಿ ಅಂತ ಒಂದು ಮಾತು ಹೇಳಿದ್ದರೆ ಅವರು ಬಾನೆಟ್ಟು ಮುಚ್ಚುತ್ತಿದ್ದರು. ಹೇಳಿದ್ದರೆ ಯಾರ ಬಾಯಿಂದ ಶುರುವಾಯಿತು ಅನ್ನುವುದೂ ಬರುತ್ತಿತ್ತು. ಎಸಿ ಗಾಳಿ ಮುಖಕ್ಕೆ ಬರುತ್ತಿತ್ತು.

ಮರುದಿನ ಅವರೊಬ್ಬರೇ ದುರ್ಗಕ್ಕೆ ಹೋಗಿ ಗ್ಯಾರೇಜಿನವನ ಜೊತೆ ಜಗಳ ಮಾಡಿದರಂತೆ. ಅವನು ಬೇಡ ಅಂದರೂ ಬೆಲ್ಟು ಬಿಗಿ ಹಿಡಿಯುವ ಪುಲ್ಲಿಯ ಬೇರಿಂಗನ್ನೂ ಹಾಕಿಸಿದರಂತೆ. ಕೊನೆಗೆ ಅವನೇ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಂದ್ರವಳ್ಳಿಯ ತನಕ ಓಡಿಸಿ ತೋರಿಸಿ, ಎಲ್ಲಿದೆ ಸದ್ದು ಹೇಳ್ರಿ ಅಂದನಂತೆ. ಇದನ್ನೆಲ್ಲ ಅವರು ನಮ್ಮ ಮನೆಯ ಜಗಲಿಯಲ್ಲಿ ನಿಂತು ನನಗೆ ಹೇಳಿದರು. ಅಮ್ಮ ಒಳಗೆ ಟೀ ಸೋಸುತ್ತಿದ್ದಳು.

"ದುರ್ಗದಾಗೆ ಬರಲ್ಲ. ಹೊಳಲ್ಕೆರೆಯಾಗೂ ಬರಲ್ಲ. ಹೊಸದುರ್ಗದಾಗೆ ಮಾತ್ರ ಬರ್ತೈತೆ. ಇದು ಯಾವ ಬೇರಿಂಗೋ, ನೀನೇ ಹೇಳಪ್ಪ."

ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಸಿಟ್ಟು ಇರಲಿಲ್ಲ. ನಾನೇ ಹೇಳಲಿ ಅಂತ ಕಾಯುತ್ತಿದ್ದರು ಅನ್ನಿಸುತ್ತದೆ… ಆಗಲೂ ನನ್ನ ನಾಲಿಗೆಗೆ ತಮಾಷೆಯೇ ಬಂತು.

"ನಮ್ಮೂರ ರೋಡ್ ಸರಿ ಇಲ್ಲ ಬಿಡ್ರಿ ಮೇಡಂ."

"ಹ್ಞೂಂ" ಅಂದರು. "ರೋಡ್ ಸರಿ ಇಲ್ಲ." ಟೀ ಬರುವ ಮುಂಚೆಯೇ ಹೊರಟುಹೋದರು.

ಟೀ ಅಂಗಡಿಗೆ ಹೋಗಿ ನಿಲ್ಲಿಸ್ರೋ ಅಂದೆ. ಎಲ್ಲರೂ ಸೇರಿ ನನಗೇ ಸದ್ದು ಮಾಡಿದರು. ಸ್ವಲ್ಪ ದಿನಕ್ಕೆ ಕ್ಲಾಸಿನ ಬೋರ್ಡು ಇಳಿಯಿತು. ಮೇಡಂ ಭರಮಸಾಗರಕ್ಕೆ ಹೋಗಿ ಮತ್ತೆ ಅಣ್ಣನ ಕುರಿ ಟೆಂಪೋ ಹಿಡಿದರಂತೆ. ಹೋದ ವರ್ಷ ಜ್ವರ ಬಂದು ತೀರಿಕೊಂಡರು ಅಂತ ಸುದ್ದಿ ಬಂತು. ಅಮ್ಮ ಬಸ್ಸು ಬದಲಾಯಿಸಿಕೊಂಡು ಮಣ್ಣಿಗೆ ಹೋಗಿ ಬಂದಳು. ನನಗೆ ಹೊಳಲ್ಕೆರೆಯಲ್ಲಿ ಒಂದು ರಿಸೆಪ್ಷನ್ ಪ್ರೋಗ್ರಾಂ ಇತ್ತು. ಬಿಡಬಹುದಿತ್ತು. ಬಿಡಲಿಲ್ಲ. ಜನ ಚೆನ್ನಾಗಿ ನಕ್ಕರು.

ಹೊಸದುರ್ಗದಲ್ಲಿ ಈಗಲೂ ಹೆಂಗಸರು ಗಾಡಿ ಕಲಿಯುವಾಗ ಹುಡುಗರು ಆ ಸದ್ದು ಮಾಡುತ್ತಾರೆ. ಆ ಬಿಳಿ ಕಾರನ್ನು ಅವರು ಯಾರೂ ನೋಡಿಲ್ಲ.

ಮೊನ್ನೆ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಹೊಳಲ್ಕೆರೆ ರಸ್ತೆಯಲ್ಲಿ ಬರುತ್ತಿದ್ದೆ. ಅವಳು ಇನ್ನೂ ಅದೇ ಉಪಕೇಂದ್ರಕ್ಕೆ, ಇನ್ನೂ ಯಾರದೋ ಬೈಕಿನ ಹಿಂದೆ ಹೋಗುತ್ತಾಳೆ. ರಸ್ತೆ ಉಬ್ಬು ಬಂದಾಗಲೆಲ್ಲ ಅವಳ ಎಡಗಾಲು ಕೆಳಗಿನ ಚಾಪೆಯನ್ನು ಒತ್ತುವುದು ಕಂಡಿತು, ಅಲ್ಲಿ ಕ್ಲಚ್ಚು ಇದ್ದ ಹಾಗೆ. ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲದ ಜಾಗ ನೋಡಿ ನಿಲ್ಲಿಸಿದೆ.

"ನೀನೇ ಓಡ್ಸಮ್ಮ ಸ್ವಲ್ಪ. ಇಲ್ಲಿ ಯಾರೂ ಇಲ್ಲ."

ಅವಳು ರಸ್ತೆಯ ಎರಡೂ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೀನಿದೀಯಲ್ಲ."

ಅಷ್ಟೇ ಅಂದಿದ್ದು. ನಾನು ಗಾಡಿ ಆಫ್ ಮಾಡಿ, ಕೀಲಿ ಅಲ್ಲೇ ಬಿಟ್ಟು ಇಳಿದು ನಡೆದೆ. ಜೋಳದ ಹೊಲದ ಬದುವಿನ ತನಕ ಹೋಗಿ ಬೆನ್ನು ತಿರುಗಿಸಿ ನಿಂತೆ. ಸ್ಟಾರ್ಟ್ ಆಗುವ ಸದ್ದಿಗಾಗಿ ಕಾಯುತ್ತಿದ್ದೆ. ಬಹಳ ಹೊತ್ತಾದ ಮೇಲೆ ಹಾರ್ನು ಕೇಳಿತು.

ಹತ್ತಿರ ಬಂದರೆ, ಅಮ್ಮ ಜಾಗ ಬದಲಾಯಿಸಿರಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಹಾರ್ನು ಒತ್ತಿದ್ದಳು.

"ಓಡಿಸ್ತಿದ್ದೆ ಕಣೋ" ಅಂದಳು, ತಾನು ಕೂತಿದ್ದ ಎಡಗಡೆ ಸೀಟಿನ ಅಂಚನ್ನು ಸವರುತ್ತ. "ಇಲ್ಲಿ ಮೇಡಂ ಕುಂತಿರಬೇಕಿತ್ತು."