ಬಂಗಾರದ ಭಸ್ಮ, ಅಂಗಳದ ಬಿಸಿಲು

ಅಕ್ಕನ ಗಂಡ, ನನ್ನ ಭಾವ, ಕೆನ್ನೆಯೊಳಗಿನ ಹುಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿ, ಅದು ಕ್ಯಾನ್ಸರ್ ಎಂದು ಕೇಳಿಕೊಂಡು ಬಂದ. ಎರಡು ಸಾವಿರದ ಐದೋ ಆರೋ ಇಸವಿ. ನಾನಾಗ ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದವಡೆಯ ತುಂಡನ್ನೂ ಸೇರಿಸಿ ಕತ್ತರಿಸಬೇಕು, ಮೂರು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ದಿನ ಗೊತ್ತುಮಾಡಿದ್ದರು. ಭಾವ ಮಾತಿನ ಮಲ್ಲ. ಮುಖ ಕೆಡುವುದಕ್ಕಿಂತ ಮಾತು ಹೋದೀತೆಂಬ ಹೆದರಿಕೆಯೇ ಅವನಿಗೆ ಹೆಚ್ಚು.

ಅದೇ ವಾರದ ಭಾನುವಾರ ಸಿದ್ದಾಪುರದ ಅವರ ಮನೆಗೆ ಹೋದವನು ಕಿಸೆಯಲ್ಲಿ ಪೇಪರಿನ ತುಂಡೊಂದನ್ನು ಇಟ್ಟುಕೊಂಡಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳನ್ನು ಕ್ಯಾನ್ಸರ್ ಗಡ್ಡೆಯೊಳಗೆ ಸೇರಿಸಿ, ಮೇಲಿನಿಂದ ಒಂದು ಬಗೆಯ ಬೆಳಕು ಬಿಟ್ಟರೆ ಕಣಗಳು ಕಾದು ಗಡ್ಡೆಯಷ್ಟೇ ಸಾಯುತ್ತದೆ, ಸುತ್ತಲಿನ ಮಾಂಸ ಉಳಿಯುತ್ತದೆ ಎಂದು ಅದರಲ್ಲಿತ್ತು. ಊಟವಾದ ಮೇಲೆ ಗಟ್ಟಿಯಾಗಿ ಓದಿದೆ. ಇಲಿಗಳ ಮೇಲೆ ಮಾಡಿ ನೋಡಿದ್ದು ಎಂಬ ಸಾಲನ್ನೂ ಓದಿದೆ, ಸುಳ್ಳು ಹೇಳುವುದಿಲ್ಲ; ಆದರೆ ಬೇಗ ಓದಿ ಮುಗಿಸಿದೆ. ಮೇಷ್ಟ್ರುಗಳಿಗೆ ಕೇಳುವವರು ಸಿಕ್ಕರೆ ನಾಲಿಗೆಗೆ ಲಂಗುಲಗಾಮು ಇರುವುದಿಲ್ಲ. ಅಕ್ಕ ಮತ್ತೊಮ್ಮೆ ಓದಿಸಿದಳು.

ಹದಿನೈದು ದಿನ ಬಿಟ್ಟು ಹೋದಾಗ ಭಾವ ಅಂಗಳದಲ್ಲಿ ಮಣೆ ಹಾಕಿ ಕೂತು, ಬಾಯಿ ಕಳೆದು, ಗಡ್ಡ ಹೆರೆಯುವ ಕನ್ನಡಿಯಿಂದ ಬಿಸಿಲನ್ನು ಹುಣ್ಣಿನ ಮೇಲೆ ಬಿಟ್ಟುಕೊಳ್ಳುತ್ತಿದ್ದ. ಅಕ್ಕ ತನ್ನ ಜೋಡಿ ಬಳೆಗಳಲ್ಲಿ ಒಂದನ್ನು ಊರಿನ ಆಯುರ್ವೇದ ಪಂಡಿತರಿಗೆ ಕೊಟ್ಟು ಬಂಗಾರದ ಭಸ್ಮ ತಂದು, ಜೇನುತುಪ್ಪದಲ್ಲಿ ಕಲೆಸಿ ಹುಣ್ಣಿಗೆ ಹಚ್ಚುತ್ತಿದ್ದಳು.

“ಅಕ್ಕಾ, ಆ ಬಂಗಾರ ಬೇರೆ, ಆ ಬೆಳಕೂ ಬೇರೆ” ಎಂದೆ.

“ಬಂಗಾರ ಹೇಳಿರೆ ಬಂಗಾರವೇಯ. ನೀನೇ ಓದಿದ್ದೆ ಅಲ್ದಾ?” ಎಂದಳು ಅಕ್ಕ.

ಭಾವ ಕನ್ನಡಿ ಕೆಳಗಿಟ್ಟು, “ಉರಿ ಕಮ್ಮಿ ಆಜು ಮಾರಾಯ. ಕತ್ರಿಸದು ಈಗ್ಲೇ ಬ್ಯಾಡ” ಎಂದ.

ಜಗಳವಾಡಿಯಾದರೂ ಹುಬ್ಬಳ್ಳಿಗೆ ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಉರಿ ಕಡಿಮೆಯಾಗಿದೆ ಎಂದಾಗ ಈ ವಿಜ್ಞಾನದ ಮೇಷ್ಟ್ರಿಗೂ ಆಸೆ ಹುಟ್ಟಿತ್ತು. ಗೊತ್ತುಮಾಡಿದ ದಿನ ದಾಟಿಹೋಯಿತು.

ಮಳೆಗಾಲ ಹಿಡಿದು ಬಿಸಿಲೇ ಇಲ್ಲದಾದಾಗ ಭಾವ ಹೊರಡಲು ಒಪ್ಪಿದ. ಅಷ್ಟರಲ್ಲಿ ಕುತ್ತಿಗೆಯಲ್ಲೂ ಗಂಟುಗಳೆದ್ದಿದ್ದವು. ಡಾಕ್ಟರು ಮುಟ್ಟಿ ನೋಡಿ, “ಅವತ್ತ ಬರಬೇಕಿತ್ರೀ. ಈಗ ಆಪರೇಷನ್ ಮಾಡಿ ಉಪಯೋಗ ಇಲ್ಲ” ಎಂದರು. ಎರಡು ತಿಂಗಳಲ್ಲಿ ಭಾವನ ಮಾತು ನಿಂತಿತು. ದೀಪಾವಳಿಗೆ ಮೊದಲೇ ಹೋಗಿಬಿಟ್ಟ.

ಹದಿಮೂರನೆಯ ದಿನದ ಊಟ ಮುಗಿಸಿ ಹೊರಟಾಗ ಅಕ್ಕ ನನ್ನನ್ನು ಒಳಗೆ ಕರೆದಳು. ಉಳಿದ ಬಳೆಯನ್ನು ಕೈಯಲ್ಲಿ ಹಿಡಿದಿದ್ದಳು.

“ಇದನ್ನೂ ಕೊಟ್ಟಿದ್ರೆ ನಿನ್ನ ಭಾವ ಉಳಿತಿದ್ವೇನ ತಮಾ. ಆಸೆಬುರುಕಿ ಆನು. ಮಗಳಿಗೆ ಬೇಕು ಹೇಳಿ ಇಟ್ಗಂಡಿ.”

ತಪ್ಪು ನಿನ್ನದಲ್ಲ, ನನ್ನದು ಎನ್ನಬೇಕಿತ್ತು. ಹಾಗೆಂದರೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಿದ್ದಳು. ಅದಕ್ಕೆ ಹೆದರಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಅಕ್ಕ ಆ ಬಳೆಯನ್ನು ಮತ್ತೆ ತೊಡಲಿಲ್ಲ, ಮಗಳಿಗೂ ಕೊಟ್ಟಿಲ್ಲ.