ತುಂಬಿದ ಲೋಟದ ಮೇಷ್ಟ್ರು

ಹೆಲಿಕಾಪ್ಟರ್ ಹಾರಿಸಲು ಕಲಿಸುವ ನಮ್ಮ ಮೇಷ್ಟ್ರಿಗೆ ಸರ್ಟಿಫಿಕೇಟುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. "ಕಣ್ಣು, ಕಿವಿ, ಎದೆ ಡಾಕ್ಟ್ರು ನೋಡಿರ್ತಾರೆ, ನಾನು ಕೈ ನೋಡ್ತೀನಿ" ಎಂದು, ಸೇರಲು ಬಂದವರಿಗೆ ಅಂಚಿನವರೆಗೆ ಚಹಾ ತುಂಬಿದ ಲೋಟ ಕೊಟ್ಟು ಕ್ಯಾಂಟೀನಿನಿಂದ ಹ್ಯಾಂಗರಿನವರೆಗೆ ನಡೆಸುತ್ತಾರೆ. ಲೋಟವನ್ನೇ ನೋಡುತ್ತ ನಡೆದವರು ಅಂಗಿ ಒದ್ದೆ ಮಾಡಿಕೊಳ್ಳುತ್ತಾರೆ. "ದೂರ ನೋಡಪ್ಪ, ಕೈ ತಾನೇ ನೆಟ್ಟಗಾಗುತ್ತೆ. ಗಾಳೀಲಿ ಒಂದೇ ಕಡೆ ನಿಲ್ಲೋದೂ ಹೀಗೇನೆ." ಮೇಲೆ ಹೋದರಂತೂ ಬೈಗುಳಕ್ಕೆ ಬಿಡುವಿಲ್ಲ: "ಕಂಟ್ರೋಲ್ ಕೋಲು ಹಿಂಡಬೇಡ, ಅದೇನು ಹಸುವಿನ ಕೆಚ್ಚಲಾ? ಪೆಡಲ್ ಒತ್ತು, ಕಾಲು ಮನೇಲಿ ಬಿಟ್ಟು ಬಂದ್ಯಾ?" ಮನೆಯಲ್ಲಿ ಕುಕ್ಕರ್ ಕೂಗಿದರೂ ಎಂಜಿನ್ನಿನ ಎಚ್ಚರಿಕೆಯ ಸದ್ದೆಂದುಕೊಂಡು, ಅಲ್ಲಿ ಇಲ್ಲದ ಹೆಲಿಕಾಪ್ಟರ್ ಲಿವರನ್ನು ಅವರ ಎಡಗೈ ತಾನಾಗಿ ಕೆಳಗಿಳಿಸುತ್ತದೆ ಎಂದು, ನಮ್ಮ ಜೊತೆಗೇ ಕಲಿಯುವ ಅವರ ಮಗಳು ನಗುತ್ತಾಳೆ. ಮೊನ್ನೆ ಅವಳು ಮೊದಲ ಸಲ ಒಬ್ಬಳೇ ಹಾರಿದಳು. ನೆಲ ಬಿಟ್ಟ ಕೂಡಲೇ ರೇಡಿಯೋದಲ್ಲಿ, "ಅಪ್ಪ, ಒಂದು ಕಡೆ ವಾಲ್ತಿದೆ" ಎಂದಳು. "ಪಕ್ಕದಲ್ಲಿ ನನ್ನ ಭಾರ ಇಲ್ಲ ಅಲ್ವಾ, ಅದಕ್ಕೇ ಕಣಮ್ಮ. ನೀನೇ ಸರಿ ಮಾಡ್ಕೋ" ಎಂದರು ಮೇಷ್ಟ್ರು, ಗದರದೆ. ಅವಳು ಇಳಿಯುವವರೆಗೂ ದೂರವನ್ನೇ ನೋಡುತ್ತ ನಿಂತಿದ್ದರು. ಕೈಯಲ್ಲಿದ್ದ ಲೋಟದ ಚಹಾ ಮಾತ್ರ ಪೂರ್ತಿ ಅವರ ಅಂಗಿಯ ಮೇಲಿತ್ತು.